ಮುಂಬಾಗಿಲಿಗೆ ನೀಲಗಿರಿ

ಎಲೆಯ ತುದಿ ಕಿವಿಯ ಹಿಂದೆ ತಗುಲಿತು, ತಣ್ಣಗೆ, ಉಗುರಿನಿಂದ ಯಾರೋ ಮೆಲ್ಲಗೆ ಗೀರಿದ ಹಾಗೆ, ಸಾರಿಕಾ ಕತ್ತು ಓರೆ ಮಾಡಿದಳು, ಕೈ ಬಿಡುವಂತಿಲ್ಲ, ತೋರಣದ ಎಡತುದಿಯನ್ನು ಚೌಕಟ್ಟಿಗೆ ಕಟ್ಟಿಯಾಗಿದೆ, ಬಲತುದಿ ಇನ್ನೂ ಅಂಗೈಯಲ್ಲಿದೆ, ನಡುವಿನ ಭಾರವೆಲ್ಲ ಹೆಗಲಿಗೆ ಜೋತುಬಿದ್ದಿದೆ — ಸ್ಟೂಲಿನ ಒಂದು ಕಾಲು ಗಿಡ್ಡ, ಹೊಸ ಗ್ರಾನೈಟಿನ ಮೇಲೆ ಟಕ್ ಅನ್ನುತ್ತದೆ, ಅವಳು ಉಸಿರೆಳೆದಾಗಲೆಲ್ಲ ಟಕ್ — ಬೀಳುವುದಿಲ್ಲ, ಕಾಲೇಜಿನ ಲ್ಯಾಬಿನಲ್ಲಿ ಮೇಲಿನ ಕಪಾಟಿನಿಂದ ಆಸಿಡ್ ಬಾಟಲಿ ಇಳಿಸುವವಳಿಗೆ ಇದೇನು ಎತ್ತರ — ಎಲೆ ಮತ್ತೆ ತಗುಲಿತು, ತಗುಲಲಿ, ನೀಲಗಿರಿಯ ಎಲೆ, ಕುಡುಗೋಲಿನ ಹಾಗೆ ಬಾಗಿದ್ದು, ಗಿಡ ಬಿಟ್ಟು ಬಂದು ವಾರಗಳಾದರೂ ಮೆತ್ತಗಿದೆ, ಮಡಚಿದರೆ ಮಡಚಿಕೊಳ್ಳುತ್ತದೆ, ಬಿಟ್ಟರೆ ಬಿಚ್ಚಿಕೊಳ್ಳುತ್ತದೆ, ಚೂರಾಗುವುದಿಲ್ಲ, ಹಾಗೆ ಮಾಡಿದವಳು ಅವಳೇ, ನಿಪ್ಪಾಣಿ ಪೇಟೆಯಲ್ಲಿ ಮಾರುವ ಹೊಳೆಯುವ ಪ್ಲಾಸ್ಟಿಕ್ ಬಳ್ಳಿಗಳನ್ನು ಕಂಡರೆ ಅವಳಿಗೆ ಹಲ್ಲು ಜುಮ್ಮೆನ್ನುತ್ತದೆ. ಇದು ಕತ್ತಾಳೆ ನಾರಿನ ಹುರಿ, ಅದರ ಮೇಲೆ ನೀಲಗಿರಿ, ಒಂದು ಎಲೆಯ ಬೆನ್ನಿಗೆ ಇನ್ನೊಂದು, ನಡುನಡುವೆ ಮೋರಪಂಖಿಯ ಚಪ್ಪಟೆ ಹಸಿರು ಗರಿ, ಸರ್ವೆ ಗಿಡದ ಮುಳ್ಳುಮುಳ್ಳಾದ ಪುಟ್ಟ ಕಾಯಿಗಳು, ಲಿಂಬೆಯ ಎಲೆ, ಎರಡೂ ತುದಿಗೆ ಒಂದೊಂದು ಹಿಡಿಗಟ್ಟು, ಬಾಗಿಲು ತೆರೆದಾಗ ಬೀಸುವ ಗಾಳಿ ಮೊದಲು ಆ ಕಟ್ಟನ್ನು ಮುಟ್ಟಿ ಆಮೇಲೆ ಒಳಗೆ ಹೋಗಬೇಕು, ಹಾಗೆ ಲೆಕ್ಕ ಹಾಕಿ ಕಟ್ಟಿದ್ದು. ಬೇವು ಹಾಕಿಲ್ಲ, ಬೇವು ಉದುರುತ್ತದೆ, ಉದುರುವ ಯಾವುದನ್ನೂ ಅವಳು ಕಟ್ಟುವುದಿಲ್ಲ. ಕಟ್ಟಿದ್ದು ಕಟ್ಟಿದಂತಿರಬೇಕು.

ಮತ್ತು ಬಾಗಿಲು ಎಂಥದು, ಸಾಗವಾನಿಯ ಜೋಡಿ ಕದ, ಹಿತ್ತಾಳೆ ಕಡಗ, ಕಬ್ಬೂರಿನಲ್ಲಿ ಇಂಥ ಬಾಗಿಲು ಇನ್ನೊಂದಿಲ್ಲ ಎಂದು ಸ್ನೇಹಲ ಫೋನಿನಲ್ಲಿ ಹೇಳಿದ್ದು ಸುಳ್ಳಲ್ಲ. ಸ್ನೇಹಲ, ಬಿ.ಎಸ್ಸಿ.ಯಲ್ಲಿ ಒಂದೇ ಬೆಂಚಿನವಳು, ಟೈಟ್ರೇಷನ್ನಿನಲ್ಲಿ ಕೊನೆಯ ಹನಿ ಯಾವಾಗಲೂ ಹೆಚ್ಚು ಬಿಟ್ಟು ಫ್ಲಾಸ್ಕು ಕಡುಗುಲಾಬಿ ಮಾಡುತ್ತಿದ್ದವಳು, ಈಗ ಈ ಮನೆಯ ಸೊಸೆ, ಕಬ್ಬೂ ದ್ರಾಕ್ಷಿಯೂ ಇರುವ ವಿರುಪಾಕ್ಷಪ್ಪನವರ ಮಗ ಶಿವರಾಜನ ಹೆಂಡತಿ, ನಾಳೆ ಹೊಸಮನೆಯ ವಾಸ್ತುಶಾಂತಿ. ಅವಳು ಕೇಳಿದ್ದು ಸರಳ, ಸಾರಿಕಾ, ಮುಂಬಾಗಲಕ್ಕ ನಿನ್ನ ಕೈಯಾಂದ ಒಂದು ತೋರಣ ಬೇಕವಾ, ಮಾವಿನ ತಪ್ಪಲ ಮೂರ ದಿನಕ್ಕ ಸುಟ್ಟ ಹಪ್ಪಳ ಆಕ್ಕೈತಿ. ಸರಳವಲ್ಲದ್ದು ಅವಳ ಅತ್ತೆ ಕೆಂಚವ್ವ ಹಾಕಿದ ಷರತ್ತು, ಅದನ್ನೂ ಸ್ನೇಹಲ ಅತ್ತೆಯ ದನಿಯಲ್ಲೇ ಒಪ್ಪಿಸಿದ್ದಳು: ನನ್ನ ಬಾಗಲಕ್ಕ ಮಾವಿಂದು ಬಿಟ್ಟ ಬ್ಯಾರೆದ್ದು ಇಷ್ಟದಿನಾ ಬಂದಿಲ್ಲ, ಆಕಿ ತರಲಿ, ನಾ ಮೂಸಿ ನೋಡತೀನಿ, ಮನಸ್ಸಿಗಿ ಬಂದ್ರ ಮುಂದ, ಇಲ್ಲಂದ್ರ ಹಿತ್ತಲ ಬಾಗಲಕ್ಕ ಹಾಕ್ರಿ. ಹಿತ್ತಲ ಬಾಗಲಕ್ಕ ನಾ ಮಾಡಂಗಿಲ್ಲ ಸ್ನೇಹಲ, ಎಂದಿದ್ದಳು ಸಾರಿಕಾ, ಎರಡನೆಯ ಉಸಿರಿಗೂ ಕಾಯದೆ. ಯಾಕವಾ, ಅಷ್ಟ ಸೊಕ್ಕೇನ? ಸೊಕ್ಕು ಅಂತನ ತಿಳಕೊ. ಸೊಕ್ಕೇ, ಏಕಲ್ಲ, ಅದನ್ನು ಅವಳು ಧಾರವಾಡದಲ್ಲಿ ಎಂ.ಎಸ್ಸಿ. ಓದಿ ಸಂಪಾದಿಸಿದ್ದಾಳೆ, ಅದಕ್ಕೂ ಮೊದಲು ಅವ್ವ ಸಂಪಾದಿಸಿಟ್ಟಿದ್ದಳು, ಖರ್ಚು ಮಾಡಿರಲಿಲ್ಲ ಅಷ್ಟೆ — ಅವ್ವ ತುಳಸವ್ವ ಸಣ್ಣವಳಿದ್ದಾಗ ತನ್ನ ತಾಯಿಯ ಬೆನ್ನಿಗೆ ಇದೇ ಕಬ್ಬೂರಿಗೆ ಉಳ್ಳಾಗಡ್ಡಿ ಕೀಳಲು ಬರುತ್ತಿದ್ದಳಂತೆ, ಯಾವ ಮನೆಯೋ ಅವಳಿಗೆ ನೆನಪಿಲ್ಲ, ನೆನಪಿರುವುದು ಹಿತ್ತಲ ಬಾಗಿಲು, ಅದರ ಹೊಸ್ತಿಲಿಂದ ಉಡಿಗೆ ಬೀಳುತ್ತಿದ್ದ ರೊಟ್ಟಿ, ಕೊಡುವ ಕೈ ಮೇಲೆಯೇ ಉಳಿಯುತ್ತಿತ್ತು, ಮನಿ ಮುಂದಿನ ಮಾರಿ ಹೆಂಗಿತ್ತೋ ನಾವು ನೋಡಿಲ್ಲವಾ, ಎನ್ನುತ್ತಾಳೆ ಅವ್ವ, ದೂರಿನಂತಲ್ಲ, ನೋಡದ ಊರಿನ ಬಗ್ಗೆ ಹೇಳುವ ಹಾಗೆ. ಈಗ ಅಂಥದೊಂದು ಮನಿ ಮುಂದಿನ ಮಾರಿಗೆ, ಮುಂಬಾಗಿಲ ಮುಖಕ್ಕೆ, ಮಗಳು ಸ್ಟೂಲು ಹತ್ತಿದ್ದಾಳೆ. ಟಕ್. ಒಳಗಿನಿಂದ ಸ್ನೇಹಲ ಕೂಗಿದಳು, ಒಂದ ತುದಿ ಹಂಗಽ ಹಿಡಿ, ಅತ್ಯಾರನ ಕರಕೊಂಡ ಬರತೀನಿ, ಅವರು ನೋಡಿದ ಮ್ಯಾಲ ಗಟ್ಟಿ ಮಾಡೂನು. ಹಿಡಿದೇ ಇದ್ದೇನೆ.

ತೋಳು ನೋಯುತ್ತಿದೆ, ನೋಯಲಿ, ರಾಯಬಾಗದ ಕಡೆಯ ಪಾಲಬಾವಿಯಲ್ಲಿ ಇದಕ್ಕಿಂತ ನೊಂದಿತ್ತು — ಅಡಮಳೆಯ ಗಾಳಿ ಬೀಸಿದ ಮರುದಿನ ಬೆಳಿಗ್ಗೆ, ಕಾಲುವೆ ದಂಡೆಯ ಮೇಲೆ ನೀಲಗಿರಿ ಕೊಂಬೆಗಳು ಬಿದ್ದಿದ್ದವು ರಾಶಿರಾಶಿ, ಒದ್ದೆ ಮಣ್ಣಿನ ಮೇಲೆ ಬೂದಿಬಣ್ಣದ ಹಸಿರು, ಅವಳ ತಮ್ಮ ಸಮಾಧಾನ ಬೈಕಿಗೆ ಆತುಕೊಂಡು ನಿಂತು, ಮಂದಿ ರಾಯಬಾಗಕ್ಕ ಕನ್ಯಾ ನೋಡಾಕ ಬರತಾರ, ನಾವು ತಪ್ಪಲ ನೋಡಾಕ ಬಂದೇವಿ, ಎಂದು ಗೊಣಗಿದ್ದ, ದಾರಿಯಲ್ಲಿ ಸೈಕಲ್ಲಿನ ಮುದುಕನೊಬ್ಬ ಇಳಿದು ಕೇಳಿದ, ಆಡಿಗೇನ್ರಿ ತಮ್ಮಾ? ಇಲ್ರಿ ಕಾಕಾ, ನಮ್ಮಕ್ಕಗ. ನೀಲಗಿರಿ ಆಡು ತಿನ್ನಂಗಿಲ್ಲಲೋ. ಆಡು ತಿನ್ನಂಗಿಲ್ರಿ, ನಮ್ಮಕ್ಕ ಬಿಡಂಗಿಲ್ರಿ. ಮುದುಕ ನಕ್ಕು ನಕ್ಕು ಕೆಮ್ಮಿದ್ದ, ಅವಳು ನಗಲಿಲ್ಲ, ಕೊಂಬೆ ಆರಿಸುತ್ತಿದ್ದಳು, ನಿಂತ ಗಿಡದಿಂದ ಮುರಿಯುವುದಿಲ್ಲ, ಬಿದ್ದದ್ದನ್ನು ಮಾತ್ರ, ಬಿದ್ದದ್ದರಲ್ಲೂ ಹುಳ ಕಚ್ಚದ್ದು, ಎಲೆಯ ಅಂಚು ಪೂರ್ತಿ ಇದ್ದದ್ದು, ಬೆರಳಿನಿಂದ ಉಜ್ಜಿದರೆ ಮೇಲಿನ ಮೇಣ ಬಿಳಿಪುಡಿಯಾಗಿ ಹತ್ತಬೇಕು, ಆ ಮೇಣವಿದ್ದರೆ ಎಲೆಯೊಳಗಿನ ಎಣ್ಣೆ ಉಳಿದಿದೆ ಎಂದು ಅರ್ಥ, ಸಿನಿಯೋಲ್ ಎನ್ನುತ್ತಾರೆ ಆ ಎಣ್ಣೆಗೆ, ಮೂಗಿನ ಒಳಗೆ ತಣ್ಣಗೆ ಕೊರೆಯುವುದು ಅದೇ. ಮೋರಪಂಖಿ ಕಾಲೇಜಿನ ಮಾಲಿ ಸವರಿ ಒಗೆದದ್ದು, ಸರ್ವೆ ಕಾಯಿ ಮೈದಾನದಲ್ಲಿ ಹುಡುಗರ ಬೂಟಿನಡಿ ಸಿಕ್ಕುವುದಕ್ಕೆ ಮೊದಲು ಆರಿಸಿದ್ದು, ಬೇರೆ ಉಪನ್ಯಾಸಕರು ಸ್ಟಾಫ್ ರೂಮಿನ ಕಿಟಕಿಯಿಂದ ನೋಡುತ್ತಿದ್ದರು, ಗೆಸ್ಟ್ ಲೆಕ್ಚರರ್ ಮೇಡಮ್ಮು ನೆಲ ನೋಡುತ್ತ ಬಗ್ಗಿ ಬಗ್ಗಿ ಏನು ಆಯುತ್ತಾಳೆ ಎಂದು, ನೋಡಲಿ ನೋಡಲಿ, ಒಂದು ದಿನ ಅವರ ಮನೆಗೂ ಬೇಕಾಗುತ್ತದೆ. ಮನೆಗೆ ತಂದು ದೇಟಿನ ತುದಿ ಕಲ್ಲಿನಿಂದ ಜಜ್ಜಿ, ಬಿಸಿನೀರಿಗೆ ಗ್ಲಿಸರಿನ್ ಕಲಸಿ ಅದರಲ್ಲಿ ನಿಲ್ಲಿಸಿದ್ದು, ಎಲೆ ನೀರು ಕುಡಿಯುವ ಬದಲು ಗ್ಲಿಸರಿನ್ ಕುಡಿಯುತ್ತದೆ, ನೀರು ಹಾರಿಹೋದರೂ ಅದು ಉಳಿಯುತ್ತದೆ, ನರಗಳ ಉದ್ದಕ್ಕೂ ಬಣ್ಣ ಕಪ್ಪಾಗುತ್ತ ಅಂಚಿಗೆ ಬರುವುದನ್ನು ಅವಳು ದಿನಾ ಬೆಳಿಗ್ಗೆ ಹಲ್ಲುಜ್ಜುತ್ತ ನೋಡುತ್ತಿದ್ದಳು, ಹಸಿರು, ಆಮೇಲೆ ಎಣ್ಣೆಗಪ್ಪು ಹಸಿರು, ಆಮೇಲೆ ತಾಮ್ರದ ನೆರಳು. ಗೋಡೆಯ ಮೇಲಿನ ಬುದ್ಧನ ಪಟದ ಮುಂದೆ ಮೊದಲ ಕೊಂಬೆ ಇಟ್ಟಿದ್ದಳು ಅವ್ವ, ಹೂವಿನ ಬದಲು, ಇದು ಬಾಡಂಗಿಲ್ಲಲ್ಲ ಗ, ಭಗವಾನಗ ಬ್ಯಾಸರಾಕ್ಕೈತೇನೋ, ಎಂದು ನಕ್ಕಿದ್ದಳು.

ನೆಂದ ಎಲೆಯನ್ನು ತಲೆಕೆಳಗಾಗಿ ತೂಗುಹಾಕಬೇಕು, ಕತ್ತಲಲ್ಲಿ, ಗಾಳಿಯಾಡುವಲ್ಲಿ, ಮನೆಯೋ ತಗಡಿನ ಮಾಳಿಗೆ, ಎಡೆಬಿಡದ ಆ ಅಕಾಲ ಮಳೆಯಲ್ಲಿ ಗೋಡೆಗೇ ಬೂಷ್ಟು ಹಿಡಿಯುವಾಗ ಎಲೆಗೆ ಹಿಡಿಯದೆ ಬಿಟ್ಟೀತೆ, ಅವಳು ತಲೆಗೆ ಕೈಕೊಟ್ಟು ಕೂತಿದ್ದಳು, ಆಗ ಅವ್ವನೇ ಹೇಳಿದ್ದು, ಅಗ, ವಖಾರದಾಗ ಹಾಕ, ಖಾಲಿ ಐತಿ, ಅದರಂಥ ಒಣಾ ಜಾಗಾ ಊರಾಗ ಇನ್ನೊಂದಿಲ್ಲ. ಹೌದಲ್ಲ. ಅವ್ವ ಪ್ರಾಯವೆಲ್ಲ ತಂಬಾಕು ಚಾಳಿಸಿದ, ಜರಡಿ ಹಿಡಿದ ವಖಾರ, ಗೋದಾಮು, ಮಾಲಕ ಮಾಲು ಬೇರೆ ಕಡೆ ಸಾಗಿಸಿದ ಮೇಲೆ ಬೀಗ ಬಿದ್ದದ್ದು, ಕಾವಲಿಗಿರುವ ಮಾಳಸಿದ್ದ ಬೀಗ ತೆಗೆಯುತ್ತ, ತುಳಸವ್ವನ ಮಗಳು ಕಾಲೇಜಿನ್ಯಾಗ ಕಲಸತಾಳಂತ ಕೇಳಿದ್ದೆ, ಈಗ ತಪ್ಪಲಕ್ಕ ಬಿದ್ದೀ ಏನವಾ, ಎಂದ, ಅವ್ವ ಬಿಡಲಿಲ್ಲ, ನಿನ್ನ ಮಗಾ ಯಾದಕ್ಕ ಬಿದ್ದಾನ ಮದ್ಲ ಅದನ್ನ ನೋಡ ಹೋಗ ಮಾಳ್ಯಾ, ಎಂದಳು. ಒಳಗೆ ಏನು ಜಾಗ ಅದು, ಮೇಲೆ ಉದ್ದಕ್ಕೂ ತೊಲೆ, ತೊಲೆಗೆ ಹಳೆಯ ಹಗ್ಗಗಳು ಹಾಗೇ ಇದ್ದವು, ಸೂರಿನಂಚಿಗೆ ಕಿಂಡಿ, ಕಾಲೇಜಿನಿಂದ ತೇವಮಾಪಕ ಒಯ್ದು ಅಳೆದಳು, ಲ್ಯಾಬಿನ ಶೋಕೇಸಿಗಿಂತ ಒಣ, ಅವಳು ಖುಷಿಯಲ್ಲಿ ಅವ್ವನ ಭುಜ ಅದುಮಿದಳು. ತಾಯಿ ಮಗಳು ಸೇರಿ ಕಟ್ಟಿ ಕಟ್ಟಿ ತೂಗುಹಾಕಿದರು, ಗಂಟು ಮಾತ್ರ ಅವ್ವನದು, ತಂಬಾಕಿನ ಹಿಡಿ ಕಟ್ಟುವ ಗಂಟು, ಎಳೆದಷ್ಟೂ ಬಿಗಿಯುತ್ತದೆ, ಒಂದು ಎಳೆ ಹಿಡಿದರೆ ಬಿಚ್ಚುತ್ತದೆ. ಇಳಿಸಿದ ದಿನ ಅವಳು ಕಣ್ಣು ಮುಚ್ಚಿ ಮೂಸಿದ್ದಳು, ನೀಲಗಿರಿ, ಲಿಂಬೆ, ಮೋರಪಂಖಿಯ ರಾಳ, ಮೂರೂ ಬೇರೆಬೇರೆಯಾಗಿ ಬಂದವು, ನಾಲ್ಕನೆಯದೇನೂ ಇಲ್ಲ, ಅವ್ವ ಮೂಸಿದಳು, ಸಮಾಧಾನ ಮೂಸಿ ನೆಗಡಿ ಮುಲಾಮು ಹಚ್ಚಿದಂಗ ಆತು ಅಂದ, ಪಾಸ್, ಅಂದಳು ಸಾರಿಕಾ, ತನಗೆ ತಾನೇ ಮಾರ್ಕು ಕೊಟ್ಟುಕೊಂಡು.

ಮತ್ತು ಇವತ್ತು ಬೆಳಿಗ್ಗೆ ಬಸ್ಸಿನಲ್ಲಿ — ನೆನೆದರೆ ಈಗಲೂ ತುಟಿ ಅಗಲವಾಗುತ್ತದೆ — ಚಿಕ್ಕೋಡಿಯಲ್ಲಿ ಬಸ್ಸು ಬದಲಿಸಿ ಕೂತಿದ್ದಾಳೆ, ತೊಡೆಯ ಮೇಲೆ ತೋರಣದ ಚೀಲ, ಪಕ್ಕದಲ್ಲಿ ಕುಳಿತ ಹೆಂಗಸು ಒಮ್ಮೆ ಚೀಲ ನೋಡಿ ಒಮ್ಮೆ ಇವಳ ಮುಖ ನೋಡಿ, ನಿಪ್ಪಾಣಿಯವರೇನ್ರಿ? ಹೌದ್ರಿ, ಹೆಂಗ ಗೊತ್ತಾತ್ರಿ? ಹಂಗಽ ಅನಸ್ತ್ರಿ. ಹಂಗೇ ಅನ್ನಿಸುವುದಿಲ್ಲ, ಅವಳ ವಿದ್ಯಾರ್ಥಿನಿಯರು ತೋರಣದ ವಿಡಿಯೊ ಮಾಡಿ ಬಿಟ್ಟಿದ್ದಾರಲ್ಲ, ಊರೂರಿಗೆ ಹೋಗಿದೆ ಅದು, ಜನ ಗುರುತು ಹಿಡಿಯುತ್ತಿದ್ದಾರೆ, ಅವಳು ಬೆನ್ನು ನೆಟ್ಟಗೆ ಮಾಡಿ ಕೂತಳು. ಕಬ್ಬೂರಿನಲ್ಲಿ ಇಳಿದು ಟಂಟಂ ಹತ್ತಿದರೆ ಅದರ ಡ್ರೈವರನೂ ಕನ್ನಡಿಯಲ್ಲಿ ನೋಡಿ, ನಿಪ್ಪಾಣಿ ಮಂದಿ ಅಲ್ರಿ ನೀವು? ಹೌದು ನೋಡ್ರಿ! ಎಷ್ಟು ಜೋರಾಗಿ ಹೇಳಿದಳೆಂದರೆ ಹಿಂದೆ ಕೂತವರು ತಿರುಗಿ ನೋಡಿದರು. ಸ್ನೇಹಲ ಚೀಲ ತೆರೆದವಳೇ ಮುಖವನ್ನೇ ಅದರೊಳಗೆ ಹುಗಿದಳು, ಯವ್ವಾ ಸಾರಿಕಾ, ನಿಮ್ಮನಿ ನೆನಪಾತ ನೋಡ, ಪ್ರಾಕ್ಟಿಕಲ್ ರೆಕಾರ್ಡ್ ಬರಿಯಾಕ ಬರತಿದ್ನಲ್ಲಾ, ನಿಮ್ಮವ್ವ ಚಾ ಮಾಡಿ ಕೊಡತಿದ್ರು, ಅದಽ ನೆನಪಾತು, ಒಂಥರಾ ಗಂಡಸರ ಸೆಂಟಿನಂಗ ಐತಿ, ಛಲೋ ಐತಿ. ಹೌದು, ಛಲೋ ಇದೆ, ಅವಳಿಗೆ ಗೊತ್ತು, ಇಡೀ ಚಿಕ್ಕೋಡಿ ಅಥಣಿ ಕಾಗವಾಡದ ಕಡೆ ಹುಡುಕಿದರೂ ಇಂಥದು ಮಾಡುವವರು — ಚಪ್ಪಲಿಯ ಸದ್ದು. ಒಳಗಿನ ಪಡಸಾಲೆಯಿಂದ, ಎಳೆದೆಳೆದು ಇಡುವ ಹೆಜ್ಜೆ, ಹಿಂದೆ ಸ್ನೇಹಲ. ಅವ್ವ ಹೊರಡುವಾಗ ಹೇಳಿದ್ದಳು, ಅವ್ವಾರ ಅನ್ನು, ದೊಡ್ಡ ಮನಿ. ಇಲ್ಲ, ಆಯಿ ಅಂತೀನಿ, ಎಲ್ಲಾ ಮುದಕ್ಯಾರಿಗೂ ಅಂದಂಗ.

ನಮಸ್ಕಾರ್ರಿ ಆಯಿ, ಎಂದಳು ಸ್ಟೂಲಿನ ಮೇಲಿಂದ, ಕೈ ಮುಗಿಯಲು ಕೈ ಖಾಲಿ ಇಲ್ಲ. ಕೆಂಚವ್ವ ಮೇಲೆ ನೋಡಿದಳು, ಕುಳ್ಳ ಮುದುಕಿ, ಇಳಕಲ್ ಸೀರೆಯ ಸೆರಗು ತಲೆಯ ಮೇಲೆ, ಮುಖ ಬಿಗಿದುಕೊಂಡಿದೆ, ಹಲ್ಲುನೋವಿನವರ ಹಾಗೆ. ಇದೇನ, ಎಲ್ಲಾ ಕಂದ ಹೊಡದೈತಲ್ಲ. ಕಂದಲ್ರಿ, ತಾಮ್ರದ ಬಣ್ಣರಿ ಆಯಿ, ಬಾಗಲದ ಕಟಗಿಗಿ ಹೊಂದಲಿ ಅಂತ. ಹಸರ ಇದ್ರ ತೋರಣಾ, ಇದು ಒಲಿಗಿ ಹಾಕೂದ ಇದ್ದಂಗ ಐತಿ. ಅತ್ಯಾರ, ನೀವು ಮೂಸ್ರಿ ಮದ್ಲ, ಎಂದಳು ಸ್ನೇಹಲ. ಸಾರಿಕಾ ಮಂಡಿ ಬಗ್ಗಿಸಿ ಬಲತುದಿಯ ಕಟ್ಟನ್ನು ಕೆಳಗಿಳಿಸಿದಳು, ಮುದುಕಿಯ ಮುಖದ ಮಟ್ಟಕ್ಕೆ, ವೈವಾ ಪರೀಕ್ಷೆಗೆ ನಿಂತವಳ ಹಾಗೆ, ಕೆಂಚವ್ವ ಕಟ್ಟನ್ನು ಹಿಡಿದು ಮೂಗಿಗೆ ಒತ್ತಿದಳು. ಒಮ್ಮೆ. ತೆಗೆದಳು. ಹುಬ್ಬು ಗಂಟಿಕ್ಕಿತು. ಮತ್ತೆ ಒತ್ತಿದಳು, ಈ ಸಲ ಉದ್ದಕ್ಕೆ, ಮೂಗಿನ ಹೊಳ್ಳೆ ಅರಳಿ, ಅದರ ಮೇಲಿನ ಬಂಗಾರದ ಮೂಗುಬಟ್ಟು ಮೇಲಕ್ಕೇರಿ ಅಲ್ಲೇ ನಿಂತಿತು, ಆಮೇಲೆ ಇಳಿಯಿತು. ಇದರಾಗ ತಂಬಾಕ ಐತಿ, ಎಂದಳು ಕೆಂಚವ್ವ.

ತಂಬಾಕು? ಇಲ್ಲ, ಹೇಗೆ ಸಾಧ್ಯ, ನೀಲಗಿರಿ ಲಿಂಬೆ ಮೋರಪಂಖಿ, ಮೂರೇ, ಅವಳೇ ಮೂಸಿದ್ದಾಳೆ, ಅವ್ವ ಮೂಸಿದ್ದಾಳೆ, ಸಮಾಧಾನ ಮೂಸಿ — ಮೂವರೂ ನಿಪ್ಪಾಣಿಯ ಮೂಗುಗಳು, ತಂಬಾಕಿನ ಊರಿನವು. ಅಯ್ಯೋ. ಅವ್ವ ಕೆಲಸದಿಂದ ಬಂದು ಎತ್ತಿಕೊಂಡಾಗ ಸೆರಗಿನಲ್ಲಿ ಇದ್ದದ್ದು, ಹಾಸಿಗೆಯಲ್ಲಿ ಇದ್ದದ್ದು, ಅನ್ನದ ಡಬ್ಬಿಯ ಮುಚ್ಚಳದಲ್ಲಿ, ಶಾಲೆಯ ಚೀಲದಲ್ಲಿ, ಹುಟ್ಟಿದ ದಿನದಿಂದ ಇದ್ದದ್ದು, ಆದ್ದರಿಂದಲೇ ಇಲ್ಲದ್ದು, ಒಂದೇ ವಾಸನೆಯಲ್ಲಿ ಬಹಳ ಹೊತ್ತು ಇದ್ದರೆ ಮೂಗು ಅದನ್ನು ವರದಿ ಮಾಡುವುದು ಬಿಡುತ್ತದೆ ಮಕ್ಕಳೇ, ಎಂದು ಬೋರ್ಡಿನ ಮೇಲೆ ಚಿತ್ರ ಬರೆದು ಹೇಳಿದ್ದಾಳೆ, ಮೇಣವೂ ಎಣ್ಣೆಯೂ ಸುತ್ತಲಿನ ವಾಸನೆಯನ್ನು ಹೀರುತ್ತವೆ, ಎಳ್ಳಿನ ಮೇಲೆ ಮಲ್ಲಿಗೆ ಹರವಿ ಸುಗಂಧದ ಎಣ್ಣೆ ತೆಗೆಯುವುದು ಹಾಗೆ, ಇದನ್ನೂ ಹೇಳಿದ್ದಾಳೆ, ಡಬ್ಬಿ ತಂದು ಮಾಡಿ ತೋರಿಸಿದ್ದಾಳೆ, ಆಮೇಲೆ ಹೋಗಿ ಮೇಣದ ಎಲೆಗೆ ಗ್ಲಿಸರಿನ್ ಕುಡಿಸಿ ತಂಬಾಕಿನ ವಖಾರದಲ್ಲಿ ತೂಗುಹಾಕಿದ್ದಾಳೆ, ತೇವ ಅಳೆದು! ನಿಪ್ಪಾಣಿಯವರೇನ್ರಿ. ಹಂಗಽ ಅನಸ್ತ್ರಿ. ವಿಡಿಯೊ ಅಲ್ಲ ಯಾವುದೂ ಅಲ್ಲ, ಚೀಲ ನಾರುತ್ತಿತ್ತು, ಹೌದು ನೋಡ್ರಿ ಎಂದು ಕೂಗಿದಳಲ್ಲ ಟಂಟಂನಲ್ಲಿ, ಕಿವಿಯ ತನಕ ಬಿಸಿ ಏರಿತು, ಸ್ಟೂಲು ಟಕ್ ಟಕ್ ಎಂದಿತು. ಇಲ್ರಿ ಅತ್ಯಾರ, ನೀಲಗಿರಿ ವಾಸನೀನ ಹಂಗಿರತೈತ್ರಿ, ಹೌದಲ್ಲ ಸಾರಿಕಾ, ಎಂದು ಸ್ನೇಹಲ ಕಣ್ಣು ಮಾಡಿದಳು, ಹ್ಞೂಂ ಅನ್ನು, ಅನ್ನು, ಎಷ್ಟು ಸುಲಭ, ಇದು ಒಣಗಿದ ಟರ್ಪೀನಿನ ಗುಣರಿ ಆಯಿ ಎಂದರೆ ಈ ಊರಿನಲ್ಲಿ ಯಾರು ತಿರುಗಿ ಕೇಳುತ್ತಾರೆ, ಎಂ.ಎಸ್ಸಿ. ಮೇಡಮ್ಮು ಹೇಳಿದ್ದು — ಬಾಯಿ ತೆರೆದೂ ಬಿಟ್ಟಿದ್ದಳು. ಮುದುಕಿಯ ಕೈಯಲ್ಲಿ ಅವ್ವನ ಗಂಟು. ತಂಬಾಕು ಅಲ್ಲ ಅಂದರೆ ಅದು ಯಾರದಲ್ಲ ಅಂದ ಹಾಗೆ? ಹೌದ್ರಿ ಆಯಿ, ತಂಬಾಕ ಐತ್ರಿ, ಎಂದಳು, ದನಿ ಅಂದುಕೊಂಡದ್ದಕ್ಕಿಂತ ಗಟ್ಟಿಯಾಗಿ ಬಂತು, ನಮ್ಮವ್ವ ಕೆಲಸ ಮಾಡತಿದ್ದ ವಖಾರದಾಗ ಒಣಗಿಸೀನ್ರಿ, ನಮ್ಮ ಮೂಗಿಗಿ ಅದು ಹತ್ತಂಗಿಲ್ರಿ, ನಂದಽ ತಪ್ಪು. ಯಾರ ನಿಮ್ಮವ್ವ? ತುಳಸವ್ವ ಅಂತ್ರಿ, ತಂಬಾಕ ಚಾಳಸತಿದ್ಲು, ಅದರಾಗ ನನ್ನ ಎಂ.ಎಸ್ಸಿ. ಮಾಡಿಸ್ಯಾಳ್ರಿ.

ತಂಬಾಕಾ? — ಶಿವರಾಜ, ಅಂಗಳದಲ್ಲಿ ಪೆಂಡಾಲಿನವರ ಜೊತೆ ಮಾತಾಡುತ್ತಿದ್ದವನು ಫೋನು ಕಿವಿಯಿಂದ ತೆಗೆದು ಓಡಿಬಂದ, ಎಲ್ಲೈತಿ ತಂಬಾಕ? ಅವ್ವಾ, ಮತ್ತ ಮಿಶ್ರಿ ತರಿಸೀಯೇನ ಬೇ? ಡಾಕ್ಟರ ಏನ ಹೇಳ್ಯಾನ? ಕೆಂಚವ್ವ ಮಗನ ಕಡೆ ತಿರುಗಲಿಲ್ಲ, ಏ ಹೋಗೋ, ನನ್ನ ಡಬ್ಬಿ ಬಾವ್ಯಾಗ ಒಗದಾಂವ ನೀನು, ಮೀನಗೋಳ ಹಲ್ಲ ತಿಕ್ಕಾಕತ್ತಿರಬೇಕು ಹೋಗಿ ನೋಡು. ಪೆಂಡಾಲಿನವನು ಮುಖ ತಿರುಗಿಸಿ ನಕ್ಕ. ಸ್ನೇಹಲ ಸ್ಟೂಲಿಗೆ ಆತು ಪಿಸುಗುಟ್ಟಿದಳು, ಬಾಯಾಗ ಹುಣ್ಣಾಗಿದ್ದುವವಾ, ಚಿಕ್ಕೋಡಿ ಡಾಕ್ಟರು ಮಿಶ್ರಿ ಬಿಡಿಸ್ಯಾರ, ಅವತ್ತಿನಿಂದ ಮನಿ ಮಂದೀನೆಲ್ಲಾ ಹರಕೊಂಡ ತಿನ್ನಾಕತ್ತಾರ. ಮಿಶ್ರಿ, ಸುಟ್ಟ ತಂಬಾಕಿನ ಆ ಕರಿಪುಡಿ, ಮುಂಜಾನೆ ಬೆರಳಿಗೆ ಅಂಟಿಸಿ ಹಲ್ಲಿಗೆ ತಿಕ್ಕುತ್ತ ಅರ್ಧ ತಾಸು ಕಟ್ಟೆಯ ಮೇಲೆ ಕೂರುವ ಮುದುಕಿಯರು, ಸಾರಿಕಾಳ ಓಣಿಯ ತುಂಬ ಅವರೇ — ಹಾಗಾದರೆ ಆ ಎರಡನೆಯ ಮೂಸುವಿಕೆ, ಆ ಉದ್ದ ಉಸಿರು. ಮೂಗುಬಟ್ಟು ಏರಿ ಅಲ್ಲೇ ನಿಂತದ್ದು. ಶಿವರಾಜ ಅತ್ತ ಹೋದ ಮೇಲೆ ಕೆಂಚವ್ವ ಕಟ್ಟನ್ನು ಬಿಡದೆ, ದನಿ ಇಳಿಸಿ, ಈಗ ಮುಖದ ಬಿಗಿ ಸ್ವಲ್ಪ ಸಡಿಲವಾಗಿ, ಯವ್ವಾ, ಹಿಂಗ ಮಾಡು, ಇದನ್ನ ನನ್ನ ಖೋಲ್ಯಾಗ ಹಾಕು, ಹಾಸಗಿ ಮ್ಯಾಲ, ಬಾಗಲಕ್ಕ ಮಾವಿಂದಽ ಇರಲಿ, ಎಂದಳು.

ಖೋಲಿ. ಒಳಗಿನ ಖೋಲಿ, ಗುಟ್ಟಿನಲ್ಲಿ, ಹಾಸಿಗೆಯ ಮೇಲೆ — ಹಿತ್ತಲಂತೂ ಅಲ್ಲ, ಸಾರಿಕಾ, ಮನೆಯ ಎಲ್ಲಕ್ಕಿಂತ ಒಳಗಿನ ಜಾಗ, ಅವ್ವನಂಥವರು ಕಾಲಿಡದ ಜಾಗ, ಸಾಕಲ್ಲ, ಒಪ್ಪಿಕೋ, ತೋಳು ಬಿದ್ದುಹೋಗುವ ಹಾಗೆ ನೋಯುತ್ತಿದೆ — ಆದರೆ ಮುಚ್ಚಿಡುವುದಕ್ಕೆ ಕಟ್ಟಿದ್ದಲ್ಲ ಇದು, ಗಾಳಿ ಮೊದಲು ಮುಟ್ಟಬೇಕು ಎಂದು ಕಟ್ಟಿದ್ದು, ಪಾಲಬಾವಿಯ ಒದ್ದೆ ದಂಡೆಯಲ್ಲಿ ಬಗ್ಗಿದ್ದು ಈ ಚೌಕಟ್ಟಿನ ಅಗಲ ಮನಸ್ಸಿನಲ್ಲಿಟ್ಟುಕೊಂಡು. ಇಲ್ರಿ ಆಯಿ, ಬಾಗಲಕ್ಕ ಮಾಡೀದ್ದು, ಬಾಗಲಕ್ಕಽ ರಿ. ಬ್ಯಾಡ ಅಂದ್ರ ನಾ ಬ್ಯಾಸರಾ ಮಾಡಕೊಳ್ಳಂಗಿಲ್ರಿ, ವಾಪಸ್ ಒಯ್ಯತೀನಿ. ಸಾರಿಕಾ! ಎಂದಳು ಸ್ನೇಹಲ. ಸಾರಿಕಾ ಆಗಲೇ ಎಡತುದಿಗೆ ಕೈ ಚಾಚಿದ್ದಳು, ಅವ್ವನ ಗಂಟು, ಒಂದು ಎಳೆ ಹಿಡಿದರೆ ಬಿಚ್ಚುತ್ತದೆ, ಹಿಡಿದಳು, ಬಸ್ಸಿನಲ್ಲಿ ಇದೇ ಚೀಲ, ಇದೇ ಹಾದಿ, ಅವ್ವ ಬಾಗಿಲಲ್ಲೇ ನಿಂತಿರುತ್ತಾಳೆ, ಏನಂದ್ರ ಗ? ಏನಿಲ್ಲವ್ವಾ, ಕೇಳಿದ್ರು, ಕೊಡಲಿಲ್ಲ, ಎಂದರಾಯಿತು, ಅದೂ ಒಂದು ಮಾತು, ಕೊಡಲಿಲ್ಲ ಎಂದು ಹೇಳಿ ಬರಲು ನಮ್ಮ ಮನೆಯಿಂದ ಯಾರೂ ಇಲ್ಲಿಗೆ ಬಂದಿರಲಿಲ್ಲ — ತಡಿ, ಎಂದಳು ಕೆಂಚವ್ವ. ಮುದುಕಿ ಕಟ್ಟು ಬಿಟ್ಟಿರಲೇ ಇಲ್ಲ. ಆ ತುದಿಯಿಂದ ಈ ತುದಿಯತನಕ ನೋಡಿದಳು, ಕಂದು ಎಲೆ, ಮುಳ್ಳುಕಾಯಿ, ಸ್ಟೂಲಿನ ಮೇಲಿನ ಹುಡುಗಿ. ನಿಮ್ಮವ್ವನಷ್ಟಽ ಗಟ್ಟಿ ಅದೀ ಏನ? ನಮ್ಮವ್ವ ನನಗಿಂತ ಮೆತ್ತಗದಾಳ್ರಿ. ಮೆತ್ತಗಿದ್ದಾಕಿ ಇಂಥಾಕೀನ ಹೆಂಗ ಹಡದಾಳ, ಎಂದು ಕೆಂಚವ್ವ ಒಳಗೆ ತಿರುಗಿ ಕೂಗಿದಳು, ಸ್ನೇಹಲಾ, ನನ್ನ ಕುರ್ಚಿ ತಾ ಇಲ್ಲಿಗಿ. ಎಲ್ಲಿಗಿ ಅತ್ಯಾರ? ಇಲ್ಲಿಗಿ, ಹೊಸ್ತಲದ ಮಗ್ಗಲಕ. ನಾಳೆ ಮಂದಿ ಬರೂದು ಹೋಗೂದು ಆಗತೈತ್ರಿ ಅತ್ಯಾರ. ಬರಲಿ, ಮನಿ ಹಿರ್ಯಾಕಿ ಬಾಗಲದಾಗ ಕುಂತು ಬರ್ರಿ ಅಂದ್ರ ಮಂದಿಗಿ ಚಂದಽ ಕಾಣತೈತಿ, ಇನ್ನ ಮ್ಯಾಲೆ ನಾ ಇಲ್ಲೇ ಕುಂದರಾಕಿ — ನೀ ಏನ ನೋಡತೀ, ಹಾಕ ಬಾಗಲಕ್ಕ, ಆದ್ರ ಒಂದ ಕೈ ಕೆಳಗ ಹಾಕು, ನನ್ನ ಮಾರಿಗಿ ಹತ್ತೂವಂಗ. ಶಿವರಾಜ ಅಂಗಳದಿಂದ ಏನೋ ಅಂದ. ಮಿಶ್ರಿ ತಿಕ್ಕಬ್ಯಾಡ ಅಂದಾನ ನಿನ್ನ ಡಾಕ್ಟರ, ಉಸರ ತಗೀಬ್ಯಾಡ ಅಂದಿಲ್ಲ, ಎಂದಳು ಕೆಂಚವ್ವ.

ಸಾರಿಕಾ ಬಲತುದಿಯನ್ನು ಕಟ್ಟಿದಳು, ಬಿಗಿಯಾಗಿ, ಎಳೆದಷ್ಟೂ ಬಿಗಿಯುವ ಹಾಗೆ, ಬಲಗಡೆಯ ಕಟ್ಟು ಉದ್ದಕ್ಕೆ ಇಳಿಬಿಟ್ಟಳು, ಅಳತೆ ಕೆಟ್ಟಿತು, ಎರಡೂ ಬದಿ ಸಮ ಇಲ್ಲ, ಸಮ ಇಲ್ಲದ್ದನ್ನು ಅವಳು ಎಂದೂ ತೂಗುಹಾಕಿದವಳಲ್ಲ, ಇರಲಿ, ಸ್ಟೂಲಿನಿಂದ ಇಳಿದು ಹಿಂದೆ ಹಿಂದೆ ನಡೆದಳು, ಅಂಗಳದ ನಡುವಿನವರೆಗೆ, ಅಲ್ಲಿಂದ ನೋಡಿದರೆ ಮನಿ ಮುಂದಿನ ಮಾರಿ, ಪೂರ್ತಿ, ಸಾಗವಾನಿ, ತಾಮ್ರ, ಗೆದ್ದದ್ದು ಯಾರು, ಅವಳ ಸಿನಿಯೋಲೋ ಅವಳ ಎಂ.ಎಸ್ಸಿ.ಯೋ, ಎರಡೂ ಅಲ್ಲ, ಅವಳಿಗೆ ಕಾಣದೆ ಎಲೆಯೊಳಗೆ ಹೊಕ್ಕು ಕೂತದ್ದು, ಅವ್ವನ ಸೆರಗಿನದು, ನಗು ಬರುತ್ತಿದೆ, ಬಂತು, ಕಣ್ಣಿಗೂ ಏನೋ ಬಂತು, ಸಂಜೆ ಹೋಗಿ ಹೇಳಬೇಕು ಅವ್ವನಿಗೆ, ಹೇಗೆ ಹೇಳುವುದು, ಅವ್ವಾ ತೋರಣ ನಾರುತ್ತಿತ್ತು ಅನ್ನಲೇ, ಅವ್ವಾ ನೀನು ಮುಂಬಾಗಿಲಲ್ಲಿ — ಕುರ್ಚಿ ಬಂತು. ಕೆಂಚವ್ವ ಹೊಸ್ತಿಲ ಮಗ್ಗುಲಿಗೆ ಕೂತಳು, ಗೋಡೆಗೆ ಬೆನ್ನು ಕೊಟ್ಟು, ಕಣ್ಣು ಮುಚ್ಚಿದಳು. ಕಬ್ಬಿನ ಹೊಲದ ಕಡೆಯಿಂದ ಗಾಳಿ ಎದ್ದು ಅಂಗಳ ದಾಟಿ ಬಾಗಿಲಿಗೆ ಬಂತು, ಇಳಿಬಿದ್ದ ಕಟ್ಟು ಮೆಲ್ಲಗೆ ಅಲುಗಿ ಮುದುಕಿಯ ಕೆನ್ನೆಯ ಹತ್ತಿರ ಬಂತು, ಮೂಗುಬಟ್ಟು ಏರಿತು. ಇಳಿಯಿತು. ಯಾರೋ ಸಾರಿಕಾ ಚಾ ತಗೋವಾ ಎನ್ನುತ್ತಿದ್ದಾರೆ, ಮುಂಬಾಗಿಲಿನಿಂದಲೇ, ಬಾ ಒಳಗ ಎನ್ನುತ್ತಿದ್ದಾರೆ, ಹೋಗಬೇಕು, ಹೋಗುತ್ತೇನೆ, ಅವ್ವನಿಗೆ ಮಾತ್ರ ಇದನ್ನು, ಇದೊಂದನ್ನು, ಆ ಕಣ್ಣು ಮುಚ್ಚಿದ್ದನ್ನು, ಆ — ಗಾಳಿ. ಮೂಗುಬಟ್ಟು ಏರಿತು. ಬಿಸಿಲಿಗೆ ಮಿನುಗಿ ಅಲ್ಲೇ ನಿಂತಿತು, ಇಳಿಯುವ ಅವಸರವಿಲ್ಲದೆ.